ಮೈಸೂರಿಗೆ ಲೈಟ್ ರೈಲು ಬಂದರೆ ಊರಾಚೆ ಬಡಾವಣೆಯವರಿಗೆ ಏನು ಸಿಗುತ್ತದೆ?

ಶ್ರೀರಾಂಪುರ ನಿವಾಸಿ:

ಎಲ್ಲರಿಗೂ ನಮಸ್ಕಾರ. ಮೈಸೂರಿಗೆ ಲೈಟ್ ರೈಲು (ಮೆಟ್ರೋಗಿಂತ ಚಿಕ್ಕ, ಹಗುರ ರೈಲು) ಬೇಕು, ಮೆಟ್ರೋ ಬೇಕು ಅನ್ನುವ ಮಾತು ಆಗಾಗ ಏಳುತ್ತದೆ, ಆಮೇಲೆ ತಣ್ಣಗಾಗುತ್ತದೆ. ಈ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ಚರ್ಚೆ. ಒಬ್ಬರು ಮ್ಯಾಪಿನ ಮೇಲೆ ಗೆರೆ ಎಳೆದು ಹಾಕಿದ್ದರು. ರೈಲ್ವೇ ಸ್ಟೇಷನ್, ಕೆ.ಆರ್. ಸರ್ಕಲ್, ಅರಮನೆ, ಸಬರ್ಬ್ ಬಸ್ ಸ್ಟ್ಯಾಂಡ್, ಅಲ್ಲಿಂದ ಬನ್ನಿಮಂಟಪ. ನೋಡೋಕೆ ಚೆನ್ನಾಗಿದೆ. ಆದರೆ ಆ ಗೆರೆ ನನ್ನ ಮನೆ ಹತ್ತಿರವೂ ಬರುವುದಿಲ್ಲ, ನನ್ನ ಕೆಲಸದ ಹತ್ತಿರವೂ ಬರುವುದಿಲ್ಲ.

ನಾನಿರುವುದು ಶ್ರೀರಾಂಪುರ ದಾಟಿ ರಿಂಗ್ ರೋಡ್ ಕಡೆ. ಕೆಲಸ ಮೈಸೂರಿನದೇ ಹೆಬ್ಬಾಳದಲ್ಲಿ, ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗ. ಸ್ಕೂಟರಿನಲ್ಲಿ ರಿಂಗ್ ರೋಡ್ ಹಿಡಿದರೆ ಅರ್ಧ ಗಂಟೆಯೊಳಗೆ ತಲುಪುತ್ತೇನೆ. ಹೋದ ವರ್ಷ ಬೆನ್ನು ನೋವಿನಿಂದ ಎರಡು ತಿಂಗಳು ಸ್ಕೂಟರ್ ಓಡಿಸಬೇಡಿ ಅಂದರು ಡಾಕ್ಟರು. ಆಗ ಬಸ್ ಹಿಡಿದೆ. ಮನೆಯಿಂದ ಸ್ಟಾಪಿಗೆ ನಡೆದು, ಅಲ್ಲಿ ಕಾದು, ಸಿಟಿ ಸ್ಟ್ಯಾಂಡಿಗೆ ಬಂದು, ಇನ್ನೊಂದು ಬಸ್ ಹತ್ತಿ, ಇಳಿದ ಮೇಲೆ ಮತ್ತೆ ಹದಿನೈದು ನಿಮಿಷ ನಡೆದು ಆಫೀಸು ಸೇರುವಷ್ಟರಲ್ಲಿ ಒಂದೂಕಾಲು ಗಂಟೆ. ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ದಿನಾ ಊರಿನ ಹೊಟ್ಟೆಯೊಳಗೆ ಹೊಕ್ಕು ಹೊರಬರಬೇಕು.

ನನ್ನ ಪ್ರಶ್ನೆ ಇಷ್ಟೇ. ಲೈಟ್ ರೈಲು ಅಂತ ನೂರಾರು ಕೋಟಿ ಖರ್ಚು ಮಾಡಿದರೆ ನಮ್ಮಂಥ ಹೊರವಲಯದವರಿಗೆ, ಅಂದರೆ ಬೋಗಾದಿ, ಹೂಟಗಳ್ಳಿ, ರಮ್ಮನಹಳ್ಳಿ, ಕಡಕೊಳದವರಿಗೆ ನಿಜವಾಗಿ ಉಪಯೋಗ ಆಗುತ್ತದಾ? ಅಥವಾ ಅದು ಊರ ಮಧ್ಯದವರಿಗೂ ಪ್ರವಾಸಿಗರಿಗೂ ಮಾತ್ರವಾ? ಬೇರೆ ಊರಲ್ಲಿ ನೋಡಿದವರು, ರೈಲಿನ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಇನ್ನೊಂದು ಮಾತು. ನಮ್ಮ ಮನೆಗೆ ದಿನಾ ಚಾಮರಾಜನಗರ ರೈಲಿನ ಸೀಟಿ ಕೇಳುತ್ತದೆ. ಅದು ನಮ್ಮ ಪಕ್ಕದಲ್ಲೇ ಹೋಗುತ್ತದೆ, ನಮಗಾಗಿ ನಿಲ್ಲುವುದಿಲ್ಲ. ಅದನ್ನು ಕೇಳಿದಾಗಲೆಲ್ಲ ಈ ಪ್ರಶ್ನೆ ತಲೆಗೆ ಬರುತ್ತದೆ.

ಬೋಗಾದಿ ಮೂರ್ನೇ ಕ್ರಾಸ್:

ಮೇಡಂ, ನಾನು ಲೈಟ್ ರೈಲಿನ ಪರ. ಕಾರಣ ಹೇಳುತ್ತೇನೆ.

ಮೈಸೂರಿನಂಥ ಊರಿಗೆ ಬೆಂಗಳೂರಿನ ಹಾಗೆ ದೊಡ್ಡ ಮೆಟ್ರೋ ಬೇಡ, ಆ ಮಾತು ಒಪ್ಪುತ್ತೇನೆ. ಅದಕ್ಕೇ ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಅಂತ ಬೇರೆ ಮಾನದಂಡ ತಂದಿತು. ಚಿಕ್ಕ ರೈಲು, ಮೂರು ಬೋಗಿ, ಮುನ್ನೂರು ಜನರಷ್ಟು ಹಿಡಿಯುತ್ತದೆ. ರಸ್ತೆಯ ಮಟ್ಟದಲ್ಲೇ ಬೇಲಿ ಹಾಕಿದ ಹಳಿ. ದೊಡ್ಡ ದೊಡ್ಡ ಸ್ಟೇಷನ್ ಬೇಡ, ಬಸ್ ಸ್ಟಾಪಿನಂಥ ಶೆಡ್ ಸಾಕು. ಆಮೇಲೆ ಮೆಟ್ರೋನಿಯೋ ಅಂತ ಇನ್ನೊಂದು ಬಂತು. ಅದಕ್ಕೆ ಹಳಿಯೇ ಇಲ್ಲ, ಮೇಲಿನ ತಂತಿಯಿಂದ ಕರೆಂಟ್ ತೆಗೆದುಕೊಂಡು ರಬ್ಬರ್ ಟಯರಿನ ಮೇಲೆ ಓಡುತ್ತದೆ. 2021ರ ಕೇಂದ್ರ ಬಜೆಟ್ ಭಾಷಣದಲ್ಲೂ ಎರಡನೇ ಹಂತದ ಊರುಗಳಿಗೆ ಈ ಎರಡನ್ನೂ ತರುತ್ತೇವೆ ಅಂತ ಹೇಳಿದ್ದರು.

ಜನ ಮೊದಲು ತುಂಬಲಿ, ರೈಲು ಆಮೇಲೆ ನೋಡೋಣ ಅನ್ನುವವರಿಗೆ ಬೆಂಗಳೂರಿನ ಔಟರ್ ರಿಂಗ್ ರೋಡ್ ತೋರಿಸಬೇಕು. ಅಲ್ಲಿ ಐಟಿ ಕಂಪನಿಗಳು ತುಂಬಿ, ರಸ್ತೆ ಕಟ್ಟಿಹೋಗಿ, ಎಷ್ಟೋ ವರ್ಷ ಆದಮೇಲೆ ಸಿಲ್ಕ್ ಬೋರ್ಡ್ ಕಡೆಯಿಂದ ಮೆಟ್ರೋ ಕೆಲಸ ಶುರುವಾಯಿತು. ನಮ್ಮಲ್ಲಿ ಇನ್ನೂ ಜಾಗ ಇದೆ. ಬೋಗಾದಿ ರಸ್ತೆಯಲ್ಲಿ, ಹುಣಸೂರು ರಸ್ತೆಯಲ್ಲಿ ಈಗಲೇ ಮಧ್ಯದಲ್ಲಿ ಜಾಗ ಬಿಡಿಸಿ ಇಟ್ಟುಕೊಳ್ಳಬೇಕು. ನಾಳೆ ಎರಡೂ ಕಡೆ ಅಪಾರ್ಟ್‌ಮೆಂಟ್ ಎದ್ದ ಮೇಲೆ ಯಾರನ್ನು ಎಬ್ಬಿಸುತ್ತೀರಿ?

ನೀವು ಹೇಳಿದ ಗೆರೆ ತಪ್ಪು ಇರಬಹುದು. ಗೆರೆ ತಪ್ಪು ಅಂತ ರೈಲೇ ಬೇಡ ಅನ್ನಬೇಡಿ.

ಹಳೇ ಗಾರ್ಡ್, ಅಶೋಕಪುರಂ:

ತಾಯೀ, ನಿಮ್ಮ ಕೊನೆಯ ಸಾಲು ಓದಿ ಬರೆಯಲೇಬೇಕು ಅನ್ನಿಸಿತು. ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಮೀಟರ್ ಗೇಜ್ ಕಾಲದಲ್ಲಿ ಚಾಮರಾಜನಗರ ಲೈನಿನಲ್ಲಿ ಹಸಿರು ಬಾವುಟ ತೋರಿಸಿದ್ದೇನೆ.

ಮೈಸೂರು ಜಂಕ್ಷನ್ನಿನಿಂದ ಮೂರು ಲೈನ್ ಹೊರಡುತ್ತವೆ. ಒಂದು ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಮೇಲೆ ಬೆಂಗಳೂರಿಗೆ. ಇದು ಜೋಡಿ ಹಳಿ, ಕರೆಂಟ್ ಲೈನ್. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡ ಇತ್ತು, 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಎರಡನೇ ಹಳಿ ಹಾಕಿದರು. ಇನ್ನೊಂದು ಬೆಳಗೊಳ, ಕೆ.ಆರ್. ನಗರದ ಮೇಲೆ ಹಾಸನಕ್ಕೆ. ಮೂರನೆಯದು ಚಾಮರಾಜಪುರಂ, ಅಶೋಕಪುರಂ, ಕಡಕೊಳ, ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ.

ಈಗ ನಿಮ್ಮ ಮನೆ ಯಾವ ಲೈನಿನ ಪಕ್ಕ? ಮೂರನೆಯದರ ಪಕ್ಕ. ನಿಮ್ಮ ಕೆಲಸ ಯಾವ ಲೈನಿನ ಕಡೆ? ಎರಡನೆಯದರ ಕಡೆ. ಹಾಸನದ ಗಾಡಿ ಊರು ಬಿಡುವಾಗ ಮೇಟಗಳ್ಳಿ, ಹೆಬ್ಬಾಳದ ಆಸುಪಾಸಿನಲ್ಲೇ ಹೋಗುತ್ತದೆ. ಇನ್ನೂ ಒಂದು ವಿಷಯ ಇದೆ, ಅದನ್ನು ಬಹಳ ಜನ ಗಮನಿಸಿಲ್ಲ. ಬೆಂಗಳೂರಿನಿಂದ ಬಂದ ಗಾಡಿ ಹಾಸನಕ್ಕೆ ಹೋಗಬೇಕಾದರೆ ಮೈಸೂರಿನಲ್ಲಿ ಇಂಜಿನ್ ಬಿಚ್ಚಿ ಹಿಂದಕ್ಕೆ ತಿರುಗಿಸಬೇಕು. ನಂಜನಗೂಡಿನಿಂದ ಬಂದ ಗಾಡಿಗೆ ಆ ತೊಂದರೆ ಇಲ್ಲ. ಜಂಕ್ಷನ್ನಿನಲ್ಲಿ ಎರಡು ನಿಮಿಷ ನಿಂತು ನೇರ ಬೆಳಗೊಳದ ಕಡೆ ಹೋಗಬಹುದು. ಅಂದರೆ ಊರಿನ ತೆಂಕಣ ಅಂಚಿನಿಂದ ಬಡಗಣ ಅಂಚಿಗೆ ಹಳಿ ಈಗಾಗಲೇ ಬಿದ್ದಿದೆ. ಅದರ ಮೇಲೆ ಊರಿನ ಜನಕ್ಕಾಗಿ ಗಾಡಿ ಓಡುತ್ತಿಲ್ಲ, ಅಷ್ಟೇ.

ಅದಕ್ಕೆ ಮೆಮು ಗಾಡಿ ಸರಿ, ಅಂದರೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುವ ಲೋಕಲ್ ಗಾಡಿ. ಬೇಗ ಎತ್ತುತ್ತದೆ, ಬೇಗ ನಿಲ್ಲುತ್ತದೆ. ಎರಡು ಕಿಲೋಮೀಟರಿಗೊಂದು ಹಾಲ್ಟ್ ಕೊಟ್ಟರೂ ಹೊತ್ತು ಹೆಚ್ಚು ಹಾಳಾಗುವುದಿಲ್ಲ. ಹಾಲ್ಟ್ ಸ್ಟೇಷನ್ನಿಗೆ ಬೇಕಿರುವುದು ಒಂದು ಪ್ಲಾಟ್‌ಫಾರಂ, ದೀಪ, ನೆರಳು, ಟಿಕೆಟ್ ಕೊಡಲು ಒಂದು ವ್ಯವಸ್ಥೆ.

ಕಷ್ಟವೂ ಹೇಳಿಬಿಡುತ್ತೇನೆ. ನಂಜನಗೂಡು ಕಡೆಯದೂ ಹಾಸನ ಕಡೆಯದೂ ಒಂಟಿ ಹಳಿ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ ಮಧ್ಯೆ ಒಂದು ಹೊತ್ತಿಗೆ ಒಂದೇ ಗಾಡಿ ಬಿಡುವುದು ನಮ್ಮ ಪದ್ಧತಿ. ಎದುರಿನ ಗಾಡಿ ಬಂದು ಸೇರುವ ತನಕ ಇದು ಕ್ರಾಸಿಂಗ್‌ಗೆ ಕಾಯಬೇಕು. ಬಸ್ಸಿನ ಹಾಗೆ ಐದು ನಿಮಿಷಕ್ಕೊಂದು ಬಿಡಲು ಆಗುವುದಿಲ್ಲ. ಕ್ರಾಸಿಂಗ್ ಲೂಪ್, ಅಂದರೆ ಒಂದು ಗಾಡಿ ಪಕ್ಕಕ್ಕೆ ನಿಂತು ಎದುರಿನದಕ್ಕೆ ದಾರಿ ಬಿಡುವ ಹಳಿ, ಸರಿಯಾಗಿ ಕೊಟ್ಟರೆ ಬೆಳಿಗ್ಗೆ ಸಂಜೆ ಅರ್ಧ ಗಂಟೆಗೊಂದು ಬಿಡಬಹುದು ಅನ್ನುವುದು ನನ್ನ ಅಂದಾಜು. ಕುಕ್ಕರಹಳ್ಳಿ ಹತ್ತಿರದ ಗೇಟ್ ನೆನಪು ಮಾಡಿಕೊಳ್ಳಿ. ಗಾಡಿ ಜಾಸ್ತಿ ಆದ ಹಾಗೆ ಗೇಟ್ ಬೀಳುವುದೂ ಜಾಸ್ತಿ. ಕೆಳಗೋ ಮೇಲೋ ದಾರಿ ಮಾಡಿಕೊಡದೆ ಗಾಡಿ ಮಾತ್ರ ಜಾಸ್ತಿ ಮಾಡಿದರೆ ರಸ್ತೆಯವರ ಶಾಪ ತಟ್ಟುತ್ತದೆ.

ಮಂಡ್ಯ ಪಾಸ್‌ನವನು:

ಅಕ್ಕ, ನಾನು ದಿನಾ ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರುವವನು. ಹನ್ನೊಂದು ವರ್ಷ ಆಯಿತು. ಮನೆ ಮಂಡ್ಯದಿಂದ ಆರು ಕಿಲೋಮೀಟರ್ ಒಳಗೆ ಹಳ್ಳಿಯಲ್ಲಿ.

ರೈಲು ಅಂದರೆ ಜನ ರೈಲಿನೊಳಗಿನ ಹೊತ್ತನ್ನು ಮಾತ್ರ ಲೆಕ್ಕ ಹಾಕುತ್ತಾರೆ. ನನಗೆ ಆ ಹೊತ್ತು ಭಾರ ಅಲ್ಲವೇ ಅಲ್ಲ. ನಮ್ಮದೊಂದು ಗುಂಪಿದೆ, ಮದ್ದೂರಿನಲ್ಲಿ ಇಬ್ಬರು ಹತ್ತುತ್ತಾರೆ, ಚನ್ನಪಟ್ಟಣದಲ್ಲಿ ಒಬ್ಬರು, ಮಾತಾಡಿಕೊಂಡು, ಒಬ್ಬರ ಡಬ್ಬಿ ಇನ್ನೊಬ್ಬರು ತಿಂದುಕೊಂಡು ಹೋಗುವಷ್ಟರಲ್ಲಿ ಊರು ಬಂದಿರುತ್ತದೆ. ಭಾರ ಇರುವುದು ಎರಡು ತುದಿಯಲ್ಲಿ. ಬೆಳಿಗ್ಗೆ ಐದೂವರೆಗೆ ಹಳ್ಳಿಯಿಂದ ಸ್ಟೇಷನ್ನಿಗೆ ಬಸ್ ಇಲ್ಲ, ಬೈಕ್ ತಂದು ಸ್ಟ್ಯಾಂಡಿನಲ್ಲಿ ಹಾಕಬೇಕು. ಮಳೆಗಾಲದಲ್ಲಿ ನೆನೆದೇ ರೈಲು ಹತ್ತುತ್ತೇನೆ. ಬೈಕ್ ಓಡಿಸಲು ಬಾರದ ನಮ್ಮೂರ ಹೆಣ್ಣುಮಕ್ಕಳು ಇಬ್ಬರು ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಸಿಕ್ಕಿದ್ದೂ ಬಿಟ್ಟರು. ರೈಲು ಇರಲಿಲ್ಲ ಅಂತ ಅಲ್ಲ. ರಾತ್ರಿ ಎಂಟರ ಮೇಲೆ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿ ಇರಲಿಲ್ಲ ಅಂತ.

ಆ ಕಡೆ ತುದಿಯದೂ ಅದೇ ಕಥೆ. ನಮ್ಮ ಮೆಟ್ರೋ ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ. ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ಒಂದೇ ರೈಲಿನಲ್ಲಿ ಹೋಗಬಹುದು. ನಮ್ಮಂಥವರಿಗೆ ಇದರಿಂದ ದೊಡ್ಡ ಅನುಕೂಲ ಆಯಿತು, ಸುಳ್ಳು ಹೇಳಬಾರದು. ಆದರೆ ದರ ನೋಡಿ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ರೈಲಿನ ಸೀಸನ್ ಪಾಸ್ ಇಟ್ಟುಕೊಂಡು ನೂರು ಕಿಲೋಮೀಟರ್ ಹತ್ತಿರ ಬರುವವನಿಗೆ, ಊರೊಳಗಿನ ಮೆಟ್ರೋ ಖರ್ಚೇ ದಿನದ ದೊಡ್ಡ ಖರ್ಚು ಆಗಿಬಿಟ್ಟಿದೆ.

ಮೈಸೂರಿನಲ್ಲಿ ಇನ್ನೊಂದು ಲೆಕ್ಕ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ ಉಚಿತ. ನಿಮ್ಮ ಬಡಾವಣೆಯಿಂದ ಗಾರ್ಮೆಂಟ್ಸಿಗೆ, ಮನೆಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಉಚಿತ ಬಸ್ ಬಿಟ್ಟು ದುಡ್ಡು ಕೊಟ್ಟು ಲೈಟ್ ರೈಲು ಹತ್ತುತ್ತಾರಾ? ಹತ್ತಬೇಕಾದರೆ ಆ ರೈಲು ಅವರ ಬಾಗಿಲ ಹತ್ತಿರ ಬರಬೇಕು. ಇಲ್ಲದಿದ್ದರೆ ಅದೇ ಪಾಸ್, ಅದೇ ಉಚಿತ ರೈಲಿನಲ್ಲೂ ನಡೆಯಬೇಕು. ಇದನ್ನು ಯೋಜನೆ ಮಾಡುವಾಗಲೇ ಕೇಳಿ ಅಕ್ಕ, ಆಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕುವೆಂಪುನಗರ, ಮೊದಲು ಕಾರ್ಲ್ಸ್‌ರೂಯ:

ಓದಲು ಹೋಗಿ ಜರ್ಮನಿಯ ಕಾರ್ಲ್ಸ್‌ರೂಯ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ಹೊರವಲಯದವರ ಪ್ರಶ್ನೆಗೆ ಆ ಊರು ಕೊಟ್ಟ ಉತ್ತರವನ್ನು ಜಗತ್ತಿನ ಬೇರೆ ಊರಿನವರು ಬಂದು ನೋಡಿ ಹೋಗುತ್ತಾರೆ, ಅದಕ್ಕೆ ಇಲ್ಲಿ ಹೇಳುತ್ತೇನೆ.

ಅಲ್ಲೂ ಮೊದಲು ಇದೇ ಕಷ್ಟ. ಊರೊಳಗೆ ಟ್ರಾಮ್. ಸುತ್ತಲಿನ ಸಣ್ಣ ಊರುಗಳಿಗೆ ರೈಲು. ರೈಲ್ವೇ ಸ್ಟೇಷನ್ ಪೇಟೆಯಿಂದ ದೂರ. ಹಳ್ಳಿಯಿಂದ ಬಂದವರು ಸ್ಟೇಷನ್ನಿನಲ್ಲಿ ಇಳಿದು ಟ್ರಾಮ್ ಹತ್ತಬೇಕಿತ್ತು. 1992ರಲ್ಲಿ ಅವರು ಒಂದು ಕೆಲಸ ಮಾಡಿದರು. ಊರೊಳಗಿನ 750 ವೋಲ್ಟಿನಲ್ಲೂ ರೈಲ್ವೆಯ 15,000 ವೋಲ್ಟಿನಲ್ಲೂ ಓಡುವ ಟ್ರಾಮ್ ಮಾಡಿಸಿ, ಅದನ್ನು ರೈಲ್ವೇ ಹಳಿಗೆ ಹತ್ತಿಸಿ, ಬ್ರೆಟೆನ್ ಅನ್ನುವ ಸಣ್ಣ ಊರಿಗೆ ಓಡಿಸಿದರು. ಪೇಟೆಯ ಮಧ್ಯೆ ಅಂಗಡಿ ಬೀದಿಯಲ್ಲಿ ಹತ್ತಿದವರು ಅದೇ ಸೀಟಿನಲ್ಲಿ ಕುಳಿತು ಹೊಲಗಳ ಮಧ್ಯೆ ಹಾದು ತಮ್ಮ ಊರಲ್ಲಿ ಇಳಿಯುತ್ತಿದ್ದರು. ದಾರಿಯಲ್ಲಿ ಹೊಸ ಸ್ಟಾಪುಗಳನ್ನೂ ಸೇರಿಸಿದರು, ರೈಲು ಹಿಂದೆ ನಿಲ್ಲದೇ ಹೋಗುತ್ತಿದ್ದ ಕಡೆ, ಮನೆಗಳ ಪಕ್ಕದಲ್ಲೇ. ನಾನಿದ್ದ ಮನೆ ಅಂಥದೊಂದು ಸ್ಟಾಪಿನಿಂದ ನಾಲ್ಕು ನಿಮಿಷ. ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು, ಕಾರ್ ಮಾರಿಬಿಟ್ಟಿದ್ದರು.

ಜನ ಎಷ್ಟು ಬಂದರು ಅಂದರೆ ಮುಖ್ಯ ಬೀದಿಯಲ್ಲಿ ಟ್ರಾಮುಗಳೇ ಸಾಲುಗಟ್ಟಿ ನಿಲ್ಲತೊಡಗಿದವು. ಕೊನೆಗೆ ಅವನ್ನು ನೆಲದಡಿಗೆ ಹಾಕಬೇಕಾಯಿತು, ಆ ಸುರಂಗ 2021ರ ಡಿಸೆಂಬರಿನಲ್ಲಿ ಶುರುವಾಯಿತು.

ಮೈಸೂರಿನಲ್ಲೂ ಹೀಗೇ ಮಾಡಬಹುದಾ? ಅರಮನೆ ಹತ್ತಿರ ಟ್ರಾಮ್ ಆಗಿ ಓಡಿ, ಚಾಮರಾಜಪುರಂ ಹತ್ತಿರ ರೈಲ್ವೇ ಹಳಿ ಹತ್ತಿ ಕಡಕೊಳಕ್ಕೆ? ಗಾರ್ಡ್ ಸಾರ್ ಹೇಳಬೇಕು.

ಹಳೇ ಗಾರ್ಡ್, ಅಶೋಕಪುರಂ:

ಬಹಳ ಒಳ್ಳೆ ಪ್ರಶ್ನೆ ಕೇಳಿದಿರಿ. ಅದು ಅಲ್ಲಿ ಆಗಿದ್ದು ಯಾಕೆ ಅಂದರೆ ಅವರ ಟ್ರಾಮ್ ಹಳಿಯ ಅಗಲವೂ ರೈಲು ಹಳಿಯ ಅಗಲವೂ ಒಂದೇ, 1435 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1676. ಮೆಟ್ರೋಲೈಟ್ ಮಾನದಂಡ ಇರುವುದು 1435ಕ್ಕೆ. ಇಪ್ಪತ್ತನಾಲ್ಕು ಸೆಂಟಿಮೀಟರ್ ವ್ಯತ್ಯಾಸ, ಅಷ್ಟರಲ್ಲಿ ಎಲ್ಲ ನಿಂತುಹೋಗುತ್ತದೆ. ಇಲ್ಲಿ ಲೈಟ್ ರೈಲು ಮಾಡಿದರೆ ಅದು ಯಾವತ್ತೂ ರೈಲ್ವೇ ಹಳಿ ಹತ್ತುವುದಿಲ್ಲ. ಕಡಕೊಳಕ್ಕೂ ಬೆಳಗೊಳಕ್ಕೂ ಹೊಸ ಹಳಿಯೇ ಹಾಕಬೇಕು, ಇರುವ ಹಳಿಯ ಪಕ್ಕದಲ್ಲೇ. ಹೀಗಾಗಿ ನನ್ನ ಮಾತು, ಊರಾಚೆಯವರಿಗೆ ಮೊದಲು ಸಿಗಬೇಕಾದ್ದು ಇರುವ ಹಳಿಯ ಮೇಲೆ ಮೆಮು, ಮತ್ತು ಹಾಲ್ಟ್. ಲೈಟ್ ರೈಲು ಬೇಕಾದರೆ ಹಳಿ ಇಲ್ಲದ ಕಡೆಗೆ ಹೋಗಲಿ. ಬೋಗಾದಿಯವರಿಗೆ ಹಳಿ ಇಲ್ಲ, ಅವರು ಕೇಳುವುದು ನ್ಯಾಯ.

ಸಯ್ಯಾಜಿರಾವ್ ರೋಡ್ ಅಂಗಡಿಯವರು:

ಊರ ಮಧ್ಯದವರ ಮಾತೂ ಒಂದಿಷ್ಟು ಕೇಳಿ. ನಮ್ಮ ತಂದೆ ಕಾಲದಿಂದ ಇಲ್ಲಿ ಅಂಗಡಿ. ಮ್ಯಾಪಿನಲ್ಲಿ ಎಲ್ಲರೂ ಮೊದಲು ಗೆರೆ ಎಳೆಯುವುದು ನಮ್ಮ ರಸ್ತೆಯ ಮೇಲೆ. ವಿಜಯದಶಮಿಯ ದಿನ 750 ಕೆಜಿ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಇದೇ ರಸ್ತೆಯಲ್ಲಿ. ಇಲ್ಲಿ ಮೇಲೆ ಕರೆಂಟ್ ತಂತಿ ಎಳೆದರೆ ಅಂಬಾರಿ ಹೇಗೆ ಹೋಗುತ್ತದೆ? ಕಂಬದ ಮೇಲೆ ಮೇಲ್ಸೇತುವೆ ಕಟ್ಟಿದರೆ ದೇವರಾಜ ಮಾರ್ಕೆಟ್ಟು, ಸರ್ಕಲ್ಲು ಎಲ್ಲ ಅದರ ನೆರಳಿಗೆ ಹೋಗುತ್ತವೆ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ 2003ರಿಂದ ಹಳೇ ಪೇಟೆಯೊಳಗೆ ತಂತಿ ಇಲ್ಲದೆ, ನೆಲದಲ್ಲಿ ಹುದುಗಿಸಿದ ಪಟ್ಟಿಯಿಂದ ಕರೆಂಟ್ ತೆಗೆದುಕೊಂಡು ಟ್ರಾಮ್ ಓಡುತ್ತದೆ ಅಂತ ನನ್ನ ಮಗ ತೋರಿಸಿದ. ದಾರಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅತಿ ಕಷ್ಟದ, ಅತಿ ಖರ್ಚಿನ ಎರಡು ಕಿಲೋಮೀಟರನ್ನೇ ಮೊದಲು ಹಿಡಿದು ಕೂತರೆ ಶ್ರೀರಾಂಪುರದ ಮೇಡಂ ಮನೆ ಹತ್ತಿರ ರೈಲು ಬರುವಷ್ಟರಲ್ಲಿ ಅವರು ನಿವೃತ್ತಿ ಆಗಿರುತ್ತಾರೆ.

ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಈಗ ಹೊರಗಿನ ಬಡಾವಣೆಯವರು. ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ ಬರುವುದು ಕಡಿಮೆ ಮಾಡಿದ್ದಾರೆ. ಅವರು ಸುಲಭವಾಗಿ ಬಂದು ಹೋಗಲಿ ಅನ್ನುವುದು ನನಗೂ ಬೇಕು. ಚಾಮರಾಜಪುರಂ ಸ್ಟೇಷನ್ನಿನಿಂದ ನಮ್ಮ ಅಂಗಡಿಗೆ ನಡೆದೇ ಬರಬಹುದು.

ಬೋಗಾದಿ ಮೂರ್ನೇ ಕ್ರಾಸ್:

ಗಾರ್ಡ್ ಸಾರ್ ಮಾತು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಹಳಿ ಇರುವ ಕಡೆ ಮೆಮು, ಇಲ್ಲದ ಕಡೆ ಲೈಟ್ ರೈಲಿಗೆ ಜಾಗ ಕಾಯ್ದಿರಿಸುವುದು, ಒಪ್ಪಿದೆ. 2017ರ ರಾಷ್ಟ್ರೀಯ ಮೆಟ್ರೋ ನೀತಿಯಲ್ಲಿ ಒಂದು ಒಳ್ಳೆ ಮಾತಿದೆ, ಇದು ಎಲ್ಲರಿಗೂ ಗೊತ್ತಿರಲಿ. ಸ್ಟೇಷನ್ನಿನ ಎರಡೂ ಕಡೆ ಐದು ಕಿಲೋಮೀಟರಿನವರೆಗೆ ಫೀಡರ್ ಬಸ್ಸು (ಜನರನ್ನು ಸ್ಟೇಷನ್ನಿಗೆ ತಂದು ಬಿಡುವ ಬಸ್ಸು), ಕಾಲುದಾರಿ, ಸೈಕಲ್ ದಾರಿ ಕೊಡುತ್ತೇವೆ ಅಂತ ರಾಜ್ಯ ಸರ್ಕಾರ ಯೋಜನಾ ವರದಿಯಲ್ಲೇ ಒಪ್ಪಿಕೊಳ್ಳಬೇಕು. ಬೇರೆ ಯಾವ ದಾರಿ ಅಗ್ಗ ಅಂತ ಹೋಲಿಸಿಯೂ ತೋರಿಸಬೇಕು. ಅಂದರೆ ಮಂಡ್ಯದ ಅಣ್ಣ ಹೇಳಿದ ಎರಡು ತುದಿಯ ಕಷ್ಟಕ್ಕೆ ಕಾಗದದಲ್ಲಿ ಜಾಗ ಇದೆ. ನಾವು ಅದನ್ನು ಹಿಡಿದು ಕೇಳಬೇಕು.

ಶ್ರೀರಾಂಪುರ ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನದಿಂದ ಇದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ನಂಜನಗೂಡಿನ ಗಾಡಿ ತಿರುಗದೇ ಬೆಳಗೊಳಕ್ಕೆ ಹೋಗಬಹುದು ಅನ್ನುವ ಮಾತು ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಸಂಜೆ ಮ್ಯಾಪ್ ಹರಡಿಕೊಂಡು ಮಗಳ ಜೊತೆ ಕೂತು ಆ ಹಳಿಯ ಮೇಲೆ ಬೆರಳು ಇಟ್ಟು ನೋಡಿದೆ. ನಮ್ಮ ಮನೆಯ ಕಡೆಯಿಂದ ಅಶೋಕಪುರಂ, ಚಾಮರಾಜಪುರಂ, ಜಂಕ್ಷನ್, ಅಲ್ಲಿಂದ ಮೇಲೆ. ಬೆರಳು ಎಲ್ಲೂ ಎತ್ತಬೇಕಾಗಲಿಲ್ಲ. ನಾನು ಒಂದೂಕಾಲು ಗಂಟೆ ಎರಡು ಬಸ್ಸಿನಲ್ಲಿ ಹೋದ ದಾರಿ ಅದು.

ನಮ್ಮ ಬಡಾವಣೆಯ ಸಂಘದಿಂದ ಎರಡು ವಿಷಯಕ್ಕೆ ಮನವಿ ಬರೆಯೋಣ ಅಂತ ನಿರ್ಧಾರ ಮಾಡಿದ್ದೇವೆ. ಶ್ರೀರಾಂಪುರದ ಹತ್ತಿರ ಒಂದು ಹಾಲ್ಟ್, ಬೆಳಿಗ್ಗೆ ಸಂಜೆ ಶಿಫ್ಟಿನ ಹೊತ್ತಿಗೆ ಕಡಕೊಳದಿಂದ ಬೆಳಗೊಳಕ್ಕೆ ನೇರ ಗಾಡಿ. ಅದು ಆಗುವ ತನಕ ಸಿಟಿ ಸ್ಟ್ಯಾಂಡಿಗೆ ಹೋಗದೆ ರಿಂಗ್ ರೋಡ್ ಮೇಲೇ ಓಡುವ ಬಸ್ಸು, ಶಿಫ್ಟಿನ ಹೊತ್ತಿಗೆ ಸಾಕು. ಎಷ್ಟು ಜನ ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಅಂತ ಮನೆ ಮನೆಗೆ ಕೇಳಿ ಬರೆದುಕೊಳ್ಳುತ್ತಿದ್ದೇವೆ. ಮೊದಲ ದಿನವೇ ನಮ್ಮ ಎರಡು ಬೀದಿಯಲ್ಲಿ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಹೋಗುವವರು 23 ಜನ ಸಿಕ್ಕರು. ಎಲ್ಲರೂ ಬೈಕು ಸ್ಕೂಟರಿನಲ್ಲಿ, ಒಬ್ಬೊಬ್ಬರೇ. ಕಡಕೊಳ, ಬೆಳಗೊಳ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಬೀದಿಯ ಲೆಕ್ಕವೂ ಕೊಡಿ.

ಗಾರ್ಡ್ ಸಾರ್, ಹಾಲ್ಟಿಗೆ ಸರಿಯಾದ ಜಾಗ ಯಾವುದು ಅಂತ ಭಾನುವಾರ ಬೆಳಿಗ್ಗೆ ಬಂದು ತೋರಿಸುತ್ತೀರಾ? ಕಾಫಿ ತಿಂಡಿ ನಮ್ಮ ಮನೆಯಲ್ಲಿ.

ಹಳೇ ಗಾರ್ಡ್, ಅಶೋಕಪುರಂ:

ಬರುತ್ತೇನೆ ತಾಯೀ. ಹಳಿ ನೆಟ್ಟಗಿರುವ, ತಿರುವು ಇಲ್ಲದ ಜಾಗ ಬೇಕು, ಎರಡೂ ಕಡೆಯಿಂದ ಜನ ಬರಲು ದಾರಿ ಇರಬೇಕು. ಎಂಟು ಬೋಗಿ ನಿಲ್ಲುವಷ್ಟು ಉದ್ದ ಸಿಗುತ್ತದಾ ನೋಡೋಣ. ಅಲ್ಲಿಯವರೆಗೆ ಹುಡುಗರು ಯಾರೂ ಅಳತೆ ಮಾಡುತ್ತೇವೆ ಅಂತ ಹಳಿ ಮೇಲೆ ಇಳಿಯಬೇಡಿ. ರಸ್ತೆಯಿಂದಲೇ ನೋಡಬಹುದು.